ದಮ್ಮು ಶ್ವಾಸಕೋಶದಲ್ಲಿ ಇರಲಿಲ್ಲ: 23ರ ಹುಡುಗನೊಬ್ಬನ ಪ್ರಕರಣ

ದಮ್ಮು ಅನ್ನೋ ಪದವೇ ಅರ್ಧ ಗೊಂದಲಕ್ಕೆ ಕಾರಣ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಉಸಿರಿಗೂ ಅದೇ ಪದ, ತಾಕತ್ತಿಗೂ ಅದೇ, ಧೈರ್ಯಕ್ಕೂ ಅದೇ. ಓಡುವಾಗ ಏದುಸಿರು ಬಂತಾ, ದಮ್ಮಿಲ್ಲ ಅಂತೀವಿ. ದಮ್ಮಿಲ್ಲ ಅಂದ ಮೇಲೆ ತೊಂದರೆ ಶ್ವಾಸಕೋಶದಲ್ಲೇ ಇರಬೇಕು ಅಂತ ನಾವೇ ತೀರ್ಮಾನ ಮಾಡಿ, ಬಲೂನು ಊದೋಕೆ ಕೂರ್ತೀವಿ. ನಾನು ವ್ಯಾಯಾಮ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಹೀಗೆ ಬಂದವರಲ್ಲಿ ಒಬ್ಬನ ಕಥೆಯನ್ನು ಮೊದಲಿಂದ ಕೊನೆವರೆಗೆ ಬರೆಯುತ್ತಿದ್ದೇನೆ. ಯಾರು ಅಂತ ಗೊತ್ತಾಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಬಂದಿದ್ದು ಯಾಕೆ

ವಯಸ್ಸು 23, ಎತ್ತರ 174 ಸೆಂಟಿಮೀಟರ್, ತೂಕ 71 ಕೆಜಿ. ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದ. ಅದರ ದೈಹಿಕ ಪರೀಕ್ಷೆಯಲ್ಲಿ 2.4 ಕಿಲೋಮೀಟರ್ ದೂರವನ್ನು 12 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಇವನಿಗೆ ಬೇಕಾಗುತ್ತಿದ್ದದ್ದು 14 ನಿಮಿಷ 10 ಸೆಕೆಂಡು. ಮೂರು ಸಲ ಓಡಿ ನೋಡಿದ್ದ, ಮೂರು ಸಲವೂ ಹೆಚ್ಚುಕಮ್ಮಿ ಅಷ್ಟೇ. ಅರ್ಧ ದಾರಿ ದಾಟುವಷ್ಟರಲ್ಲಿ ಬಾಯಿ ತೆರೆದು ಎಳೆದೆಳೆದು ಉಸಿರಾಡುವ ಸ್ಥಿತಿ.

"ಕಾಲು ಓಡುತ್ತೆ ಮೇಡಂ, ಉಸಿರೇ ಸಾಲಲ್ಲ. ಲಂಗ್ಸ್ ವೀಕ್ ಅನ್ಸುತ್ತೆ" ಅಂದ.

ಸಿಗರೇಟು ಸೇದ್ತೀರಾ ಅಂದರೆ, "ಜನ್ಮದಲ್ಲಿ ದಮ್ಮು ಎಳೆದಿಲ್ಲ" ಅಂದ. ಹೇಳಿದ ಮೇಲೆ ಅವನಿಗೇ ನಗು ಬಂತು. ಅಸ್ತಮಾ ಇಲ್ಲ, ಚಿಕ್ಕವನಿದ್ದಾಗಲೂ ಗೊರಗೊರ ಅನ್ನುವ ಎದೆ ಇರಲಿಲ್ಲ, ಅಲರ್ಜಿ ಇಲ್ಲ, ರಾತ್ರಿ ಕೆಮ್ಮು ಇಲ್ಲ. ಶಾಲೆಯಲ್ಲಿ ಫುಟ್‌ಬಾಲ್ ಆಡುತ್ತಿದ್ದನಂತೆ. ಆಮೇಲೆ ಓದು. ಅದರಲ್ಲೂ ಹಿಂದಿನ ಎರಡು ವರ್ಷ ಬೆಳಗ್ಗೆಯಿಂದ ರಾತ್ರಿವರೆಗೆ ಕುರ್ಚಿ, ಪುಸ್ತಕ, ಮೊಬೈಲು, ಮತ್ತೆ ಕುರ್ಚಿ. ಇದನ್ನು ಅವನು ತೊಂದರೆ ಅಂತ ಹೇಳಲೇ ಇಲ್ಲ, ನಾನು ಕೇಳಿದ್ದಕ್ಕೆ ಬಾಯಿಬಿಟ್ಟ.

ಇನ್ನೊಂದು ವಿಷಯ. ಮೂರು ತಿಂಗಳಿಂದ ದಿನಕ್ಕೆ ಎರಡು ಹೊತ್ತು ಮೂರು ಚೆಂಡಿನ ಸ್ಪೈರೋಮೀಟರ್ ಎಳೆಯುತ್ತಿದ್ದ. ಗೊತ್ತಲ್ವಾ, ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಕೊಳವೆ, ಒಂದೊಂದರಲ್ಲೂ ಒಂದು ಚೆಂಡು. ಪೈಪು ಬಾಯಿಗಿಟ್ಟು ಒಳಕ್ಕೆ ಎಳೆದರೆ ಚೆಂಡು ಮೇಲೇರುತ್ತದೆ. ಮೂರೂ ಚೆಂಡನ್ನು ಮೇಲೆ ನಿಲ್ಲಿಸೋದು ಅವನಿಗೆ ಆಟದಷ್ಟು ಸಲೀಸಾಗಿತ್ತು. ಆದರೂ ಓಟದ ಸಮಯ ಒಂದು ಸೆಕೆಂಡೂ ಇಳಿದಿರಲಿಲ್ಲ. ಅದಕ್ಕೇ ಗಾಬರಿ.

ಇಷ್ಟಕ್ಕೂ ಆ ಚೆಂಡುಗಳ ಮೇಲೆ ಏನು ಬರೆದಿರುತ್ತದೆ ನೋಡಿ: 600, 900, 1200. ಅಂದರೆ ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಗಾಳಿ ಎಳೆದರೆ ಆ ಚೆಂಡು ಏಳುತ್ತದೆ ಅನ್ನೋ ಲೆಕ್ಕ. ಮೂರನೆಯದು ಎದ್ದರೆ ಸೆಕೆಂಡಿಗೆ 1.2 ಲೀಟರ್. ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ. ಈ ಉಪಕರಣ ಮಾಡಿದ್ದು ಹೊಟ್ಟೆ, ಎದೆಯ ಆಪರೇಷನ್ ಆದವರಿಗೆ. ನೋವಿಗೆ ಹೆದರಿ ಅವರು ಆಳಕ್ಕೆ ಎಳೆಯದೆ ಮೇಲುಮೇಲೆ ಉಸಿರಾಡುತ್ತಾರೆ, ಶ್ವಾಸಕೋಶದ ಕೆಳಭಾಗ ಮುದುರಿಕೊಳ್ಳುತ್ತದೆ. ಹಾಗಾಗದಿರಲಿ ಅಂತ ನಿಧಾನವಾಗಿ ಆಳವಾಗಿ ಎಳೆಸುತ್ತಾರೆ. ಓಡುವವರಿಗೆ ಅಂತ ಮಾಡಿದ್ದಲ್ಲ.

ಊದುವ ಪರೀಕ್ಷೆ

ಮೊದಲು ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೊಳವೆ. ತುಂಬ ಎಳೆದುಕೊಂಡು ಒಂದೇ ಏಟಿಗೆ ಊದಬೇಕು, ಒಳಗೆ ಏನೂ ಉಳಿದಿಲ್ಲ ಅನಿಸುವವರೆಗೂ ಊದುತ್ತಲೇ ಇರಬೇಕು. ನಾನು ಪಕ್ಕದಲ್ಲಿ ನಿಂತು "ಊದಿ ಊದಿ ಊದಿ, ಇನ್ನೂ ಇದೆ, ಬಿಡಬೇಡಿ" ಅಂತ ಕಿರುಚುತ್ತೇನೆ. ಆಚೆ ಕೂತವರಿಗೆ ಒಳಗೆ ಜಗಳ ನಡೀತಿದೆ ಅನಿಸುತ್ತದಂತೆ. ಮೊದಲನೇ ಸಲ ಮಧ್ಯದಲ್ಲಿ ಕೆಮ್ಮಿದ, ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಆಮೇಲಿನ ಮೂರೂ ಚೆನ್ನಾಗಿ ಬಂದವು. ಅತ್ಯುತ್ತಮ ಎರಡರ ನಡುವೆ 150 ಮಿಲಿಲೀಟರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು, ಇರಲಿಲ್ಲ.

ಒಟ್ಟು ಊದಿದ ಗಾಳಿ, ಅಂದರೆ ಎಫ್‌ವಿಸಿ, 4.9 ಲೀಟರ್. ಅದರಲ್ಲಿ ಮೊದಲ ಒಂದೇ ಸೆಕೆಂಡಿನಲ್ಲಿ ಹೊರಬಂದದ್ದು, ಅಂದರೆ ಎಫ್‌ಇವಿ1, 4.1 ಲೀಟರ್. ನೂರಕ್ಕೆ 84 ಭಾಗ ಒಂದೇ ಸೆಕೆಂಡಿಗೆ ಹೊರಗೆ. ಗಾಳಿಯ ದಾರಿಯಲ್ಲಿ ಎಲ್ಲೂ ತಡೆ ಇಲ್ಲ. ವಯಸ್ಸು, ಎತ್ತರಕ್ಕೆ ಹೋಲಿಸಿದರೆ ಎರಡು ಸಂಖ್ಯೆಯೂ ಸರಾಸರಿಗಿಂತ ಒಂಚೂರು ಮೇಲೆಯೇ.

ಈ ಅಳತೆಗೆ ವಯಸ್ಸಾಗಿದೆ. ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 1846ರಲ್ಲೇ ನೀರಿನ ಮೇಲೆ ತೇಲುವ ಪಾತ್ರೆಯ ಸ್ಪೈರೋಮೀಟರ್ ಇಟ್ಟುಕೊಂಡು ಸಾವಿರಾರು ಜನರನ್ನು ಊದಿಸಿದ್ದ, ಎತ್ತರ ಜಾಸ್ತಿ ಆದಂತೆ ಈ ಪ್ರಮಾಣವೂ ಜಾಸ್ತಿ ಆಗುತ್ತದೆ ಅಂತ ತೋರಿಸಿದ್ದ. ಅದಕ್ಕೆ ಅವನು ಇಟ್ಟ ಹೆಸರು ವೈಟಲ್ ಕೆಪಾಸಿಟಿ. ನನ್ನನ್ನು ಕೇಳಿದರೆ ಆ ಹೆಸರೇ ಮುಂದಿನವರ ದಾರಿ ತಪ್ಪಿಸಿತು. ಜೀವಶಕ್ತಿಯನ್ನೇ ಲೀಟರಿನಲ್ಲಿ ಅಳೆದಂಗೆ ಕೇಳಿಸುತ್ತೆ ಅಲ್ವಾ?

ಎಫ್‌ಇವಿ1ನ್ನು 40ರಿಂದ ಗುಣಿಸಿದರೆ, ಒಬ್ಬ ಮನುಷ್ಯ ಮೈಮೇಲೆ ದೆವ್ವ ಬಂದವನಂತೆ ಉಸಿರಾಡಿದರೆ ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಆಡಿಸಬಹುದು ಅನ್ನೋ ಅಂದಾಜು ಸಿಗುತ್ತದೆ. ಇವನದು 164 ಲೀಟರ್. ಸುಮ್ನೆ ಕೂತಾಗ ನಮಗೆ ಬೇಕಾಗೋದು 6ರಿಂದ 8 ಲೀಟರ್ ಅಷ್ಟೇ.

ವರದಿ ನೋಡಿ ಖುಷಿಪಟ್ಟ. ಐದು ನಿಮಿಷ ಬಿಟ್ಟು ಮುಖ ಸಪ್ಪೆ ಮಾಡಿಕೊಂಡ. "ಎಲ್ಲಾ ಸರಿ ಇದ್ರೆ ಮತ್ತೆ ನನಗ್ಯಾಕೆ ಹಿಂಗಾಗುತ್ತೆ?"

ಸೈಕಲ್ ಮೇಲೆ

ಸುಮ್ನೆ ಕೂರಿಸಿ ಊದಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗಲ್ಲ. ಸುಸ್ತಾಗಿಸಿಯೇ ನೋಡಬೇಕು. ಮುಖಕ್ಕೆ ಮಾಸ್ಕು, ಎದೆಗೆ ಇಸಿಜಿ ತಂತಿಗಳು, ಬೆರಳಿಗೆ ಆಕ್ಸಿಮೀಟರ್. ಮೂರು ನಿಮಿಷ ಭಾರವಿಲ್ಲದೆ ಪೆಡಲ್ ತುಳಿದ, ಆಮೇಲೆ ನಿಮಿಷಕ್ಕೆ 20 ವ್ಯಾಟ್‌ನಂತೆ ಭಾರ ಏರುತ್ತಾ ಹೋಯಿತು. ಪ್ರತಿ ಉಸಿರಿನಲ್ಲಿ ಎಷ್ಟು ಆಮ್ಲಜನಕ ಒಳಗುಳಿಯಿತು, ಎಷ್ಟು ಕಾರ್ಬನ್ ಡೈಆಕ್ಸೈಡ್ ಹೊರಬಂತು ಅನ್ನೋದನ್ನು ಯಂತ್ರ ಬರೆದುಕೊಳ್ಳುತ್ತದೆ.

ಮಾಸ್ಕ್ ಇದ್ದಾಗ ಮಾತಾಡೋಕಾಗಲ್ಲ. ಅದಕ್ಕೆ ಎರಡು ನಿಮಿಷಕ್ಕೊಮ್ಮೆ 0ಯಿಂದ 10ರವರೆಗಿನ ಸಂಖ್ಯೆ ಬರೆದ ಹಲಗೆ ಹಿಡಿಯುತ್ತೇವೆ, ಬೋರ್ಗ್ ಸ್ಕೇಲ್ ಅಂತಾರೆ. ಉಸಿರಿನ ಕಷ್ಟ ಎಷ್ಟು, ಕಾಲಿನ ಕಷ್ಟ ಎಷ್ಟು, ಬೆರಳಿಟ್ಟು ತೋರಿಸಬೇಕು. ಮೊದಲ ನಾಲ್ಕು ನಿಮಿಷ ಆರಾಮಾಗಿದ್ದ. ಆರನೇ ನಿಮಿಷಕ್ಕೆ ಹಣೆಯಲ್ಲಿ ಬೆವರು. ಎಂಟಕ್ಕೆ ಭುಜ ಮೇಲೆದ್ದು ಬೀಳೋಕೆ ಶುರುವಾಯಿತು, ಸೀಟಿನಿಂದ ಏಳಲು ನೋಡಿದ, ಕೂರಿಸಿದೆ. ಒಂಬತ್ತೂವರೆ ನಿಮಿಷಕ್ಕೆ, 190 ವ್ಯಾಟ್‌ನಲ್ಲಿ, ಪೆಡಲಿನ ವೇಗ ದಬದಬ ಇಳಿಯಿತು. ಹಲಗೆ ಹಿಡಿದೆ. ಉಸಿರಿಗೆ 7 ತೋರಿಸಿದ. ಕಾಲಿಗೆ ಬೆರಳು ಸೀದಾ 9ಕ್ಕೆ ಹೋಯಿತು. ಪೆಡಲ್ ಬಿಟ್ಟು ಎರಡೂ ಕೈಯಲ್ಲಿ ತೊಡೆ ಹಿಡಿದುಕೊಂಡ.

ಮಾಸ್ಕ್ ತೆಗೆದ ಕೂಡಲೇ ಏನಂದ ಗೊತ್ತಾ? "ನೋಡಿದ್ರಾ ಮೇಡಂ, ಉಸಿರು ಸಾಲಲಿಲ್ಲ."

ಕೈ ಇನ್ನೂ ತೊಡೆ ಮೇಲೇ ಇತ್ತು.

ಈಗ ಅಂಕಿಗಳು. ಗರಿಷ್ಠ ಹಂತದಲ್ಲಿ ನಿಮಿಷಕ್ಕೆ 46 ಉಸಿರು, ಒಂದೊಂದು ಉಸಿರು 2.13 ಲೀಟರ್, ಒಟ್ಟು 98 ಲೀಟರ್. ಅವನ ಸಾಮರ್ಥ್ಯ 164. ಅಂದರೆ ನೂರಕ್ಕೆ 60 ಭಾಗ ಬಳಸಿಕೊಂಡ, 40 ಭಾಗ ಹಾಗೇ ಮಿಕ್ಕಿತ್ತು. ಶ್ವಾಸಕೋಶ ಕೈಚೆಲ್ಲಿದವರಲ್ಲಿ, ಉದಾಹರಣೆಗೆ ಸಿಒಪಿಡಿ (ಶ್ವಾಸನಾಳ ಕಾಯಂ ಕಿರಿದಾಗುವ ಕಾಯಿಲೆ) ಜೋರಾಗಿರುವವರಲ್ಲಿ, ಈ ಮಿಗತೆ ಹೆಚ್ಚುಕಮ್ಮಿ ಸೊನ್ನೆಗೆ ಬಂದಿರುತ್ತದೆ. ರಕ್ತದ ಆಮ್ಲಜನಕ ಶುರುವಿನಲ್ಲಿ 98, ಕೊನೆಯಲ್ಲಿ 97. ಅಷ್ಟು ಏದುಸಿರು ಬಿಡುತ್ತಿದ್ದಾಗಲೂ ಅವನ ರಕ್ತಕ್ಕೆ ಆಮ್ಲಜನಕದ ಕೊರತೆ ಆಗಿರಲಿಲ್ಲ. ಹೃದಯ ಬಡಿತ ಮಾತ್ರ 194, ಆ ವಯಸ್ಸಿಗೆ ಅದೇ ತುದಿ. ಹೊರಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಒಳತಗೊಂಡ ಆಮ್ಲಜನಕದಿಂದ ಭಾಗಿಸಿದರೆ 1.17. ಇದು 1.1 ದಾಟಿದರೆ ಮನುಷ್ಯ ನಾಟಕ ಮಾಡುತ್ತಿಲ್ಲ, ನಿಜವಾಗಿಯೂ ಕೊನೆಗೆ ಮುಟ್ಟಿದ್ದಾನೆ ಅಂತ ಅರ್ಥ.

ಮುಖ್ಯ ಸಂಖ್ಯೆ ವಿಒ2 ಮ್ಯಾಕ್ಸ್, ಅಂದರೆ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದು. ನಿಮಿಷಕ್ಕೆ 2.46 ಲೀಟರ್, ಕೆಜಿ ತೂಕಕ್ಕೆ 34.6 ಮಿಲಿಲೀಟರ್. ಈ ವಯಸ್ಸಿನ ಗಂಡು ಹುಡುಗರಿಗೆ ಇದು ಕಮ್ಮಿ. ಕಾಯಿಲೆ ಅನ್ನುವಷ್ಟು ಕಮ್ಮಿಯಲ್ಲ, ಓಟದಲ್ಲಿ ಸೋಲುವಷ್ಟು ಕಮ್ಮಿ. ದೂರದ ಓಟದ ದೊಡ್ಡ ಆಟಗಾರರಲ್ಲಿ ಇದು 70 ದಾಟಿರುತ್ತದೆ.

ಮೂರು ಚೆಂಡಿನ ಲೆಕ್ಕಕ್ಕೆ ಈಗ ಬರೋಣ. ನಿಮಿಷಕ್ಕೆ 98 ಲೀಟರ್ ಗಾಳಿ ಒಳಗೆ ಹೋಗಬೇಕು, ಆದರೆ ಒಳಗೆಳೆಯಲು ಸಿಗುವುದು ಹೆಚ್ಚುಕಮ್ಮಿ ಅರ್ಧ ಸಮಯ ಮಾತ್ರ. ಹಾಗಾಗಿ ಎಳೆಯುವ ವೇಗ ಸರಾಸರಿ ಸೆಕೆಂಡಿಗೆ 3.3 ಲೀಟರ್. ಮೂರನೇ ಚೆಂಡು ಏಳೋದು 1.2ಕ್ಕೆ! ಓಟದಲ್ಲಿ ಅವನ ಎದೆ ತಾನಾಗೇ ಮಾಡುತ್ತಿದ್ದ ಕೆಲಸದ ಅರ್ಧವನ್ನೂ ಆ ಡಬ್ಬಿ ಕೇಳುತ್ತಿರಲಿಲ್ಲ. ಮೂರು ತಿಂಗಳು ಎಳೆದರೂ ಏನೂ ಆಗಲಿಲ್ಲ ಅಂದರೆ ಆಶ್ಚರ್ಯ ಏನಿದೆ.

ಹಾಗಾದರೆ ಏದುಸಿರು ಯಾಕೆ

ಈ ಪ್ರಶ್ನೆಯೇ ಇಡೀ ಪ್ರಕರಣದ ತಿರುಳು. ಉಸಿರಾಟ ಜೋರಾಗೋದು ಆಮ್ಲಜನಕ ಸಾಲದೆ ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ಆರೋಗ್ಯವಂತರಲ್ಲಿ, ಸಮುದ್ರಮಟ್ಟದ ಹತ್ತಿರ, ಅದು ಹಾಗಲ್ಲ. ಕಾಲಿನ ಸ್ನಾಯು ತನ್ನ ಮಿತಿ ದಾಟಿದಾಗ, ಅದು ಸಕ್ಕರೆಯನ್ನು ಬೇಗಬೇಗ ಒಡೆಯುವಾಗ ಹುಟ್ಟುವ ಲ್ಯಾಕ್ಟೇಟ್ ಅನ್ನೋ ವಸ್ತು ಏರುತ್ತದೆ, ಜೊತೆಗೆ ಆಮ್ಲೀಯತೆ ಏರುತ್ತದೆ. ರಕ್ತದ ಬೈಕಾರ್ಬನೇಟ್ ಅದನ್ನು ತಣಿಸಲು ಹೋಗಿ ಇನ್ನಷ್ಟು ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಹೊರಗೆ ಹಾಕಲೇಬೇಕು, ಮೆದುಳು ಉಸಿರಾಟವನ್ನು ಅಟ್ಟಿಸುತ್ತದೆ. ಹೊಗೆ ಚಿಮಣಿಯಲ್ಲಿ ಕಾಣುತ್ತದೆ, ಬೆಂಕಿ ಇರೋದು ಒಲೆಯಲ್ಲಿ. ಇವನಲ್ಲಿ ಈ ತಿರುವು 70 ವ್ಯಾಟ್ ಸುತ್ತಮುತ್ತಲೇ ಬಂದುಬಿಟ್ಟಿತ್ತು, ಅವನ ಗರಿಷ್ಠದ ಅರ್ಧದಷ್ಟು ಆಮ್ಲಜನಕ ಬಳಸುವ ಹೊತ್ತಿಗೇ.

ಆಮ್ಲಜನಕದ ಬಳಕೆಗೆ ಹಳೆಯ ಲೆಕ್ಕ ಒಂದಿದೆ, 1870ರಲ್ಲಿ ಅಡಾಲ್ಫ್ ಫಿಕ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ್ದು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಪ್ರತಿ ಲೀಟರ್ ರಕ್ತದಿಂದ ದೇಹ ಎಷ್ಟು ಆಮ್ಲಜನಕ ಕಿತ್ತುಕೊಳ್ಳುತ್ತದೆ, ಎರಡನ್ನೂ ಗುಣಿಸಿದರೆ ಆಯ್ತು. ಜೋರು ವ್ಯಾಯಾಮದಲ್ಲಿ ಲೀಟರಿಗೆ 150 ಮಿಲಿಲೀಟರ್ ಕಿತ್ತುಕೊಳ್ಳುತ್ತದೆ ಅಂತ ಇಟ್ಟುಕೊಂಡರೆ, ಇವನ ಹೃದಯ ನಿಮಿಷಕ್ಕೆ ಸುಮಾರು 16.4 ಲೀಟರ್ ರಕ್ತ ತಳ್ಳುತ್ತಿತ್ತು. 194 ಬಡಿತಕ್ಕೆ ಹಂಚಿದರೆ ಒಂದು ಬಡಿತಕ್ಕೆ 85 ಮಿಲಿಲೀಟರ್. ಇದು ಅಂದಾಜು, ನೇರವಾಗಿ ಅಳೆದದ್ದಲ್ಲ. ಆದರೂ ಕಮ್ಮಿ ಬಿದ್ದದ್ದು ಎಲ್ಲಿ ಅಂತ ಬೆರಳು ಮಾಡುತ್ತದೆ. ಬಡಿತದ ವೇಗವನ್ನು ಇನ್ನು ಏರಿಸೋಕಾಗಲ್ಲ. ಒಂದೊಂದು ಬಡಿತಕ್ಕೆ ತಳ್ಳುವ ರಕ್ತವನ್ನು ಏರಿಸಬಹುದು, ಸ್ನಾಯುವನ್ನು ಪಳಗಿಸಬಹುದು. ಶ್ವಾಸಕೋಶ? ಅದರ ಬೆಳವಣಿಗೆ ಇಪ್ಪತ್ತರ ಆಚೀಚೆ ಮುಗಿಯುತ್ತದೆ, ಆಮೇಲೆ ಓಡಿದರೂ ಈಜಿದರೂ ದೊಡ್ಡದಾಗೋದು ಹೆಸರಿಗೆ ಅಷ್ಟೇ.

ಎರಡು ವರ್ಷ ಕುರ್ಚಿಯಲ್ಲಿ ಕೂತದ್ದು ಇಷ್ಟೊಂದು ಮಾಡುತ್ತದಾ ಅಂತ ಅವನಿಗೆ ಅನುಮಾನ. ಅವನಿಗೆ ನಾನು ಹೇಳಿದ್ದು ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಒಂದು ಪ್ರಯೋಗದ ಕಥೆ. 1966ರಲ್ಲಿ ಬೆಂಗ್ಟ್ ಸಾಲ್ಟಿನ್ ಎಂಬ ವ್ಯಾಯಾಮ ವಿಜ್ಞಾನಿ ಮತ್ತು ಸಂಗಡಿಗರು ಸುಮಾರು 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು 20 ದಿನ ಹಾಸಿಗೆ ಮೇಲೆ ಮಲಗಿಸಿದರು. ಏಳೋ ಹಾಗಿಲ್ಲ. ಮಲಗಿ ಎದ್ದಾಗ ಅವರ ವಿಒ2 ಮ್ಯಾಕ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಇಳಿದಿತ್ತು. ಊದುವ ಪರೀಕ್ಷೆಯ ಅಂಕಿಗಳು? ಇದ್ದ ಹಾಗೇ ಇದ್ದವು. ಅದೇ ಐವರನ್ನು 30 ವರ್ಷ ಬಿಟ್ಟು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಜಾಸ್ತಿ ಅಂತ ಗೊತ್ತಾಯಿತು. ನಮ್ಮ ಹುಡುಗ ಮಲಗಿರಲಿಲ್ಲ ನಿಜ, ಆದರೆ ಆ ದಿಕ್ಕಿನಲ್ಲೇ ಇದ್ದ.

ಬೇರೆ ಕಾರಣ ಇರಬಹುದಾ ಅಂತಲೂ ನೋಡಿದೆವು. ವ್ಯಾಯಾಮದಿಂದ ಶ್ವಾಸನಾಳ ಬಿಗಿಯುವ ತೊಂದರೆ ಇದ್ದರೆ, ಓಡುವಾಗಕ್ಕಿಂತ ನಿಲ್ಲಿಸಿದ 5ರಿಂದ 15 ನಿಮಿಷದಲ್ಲಿ ಅದು ಜಾಸ್ತಿ ಕಾಣುತ್ತದೆ. ಸೈಕಲ್ ಇಳಿದ ಮೇಲೆ 5, 10, 15 ನಿಮಿಷಕ್ಕೆ ಮತ್ತೆ ಊದಿಸಿದೆ. ಎಫ್‌ಇವಿ1 4.1ರಿಂದ 4.0ಕ್ಕೆ ಇಳಿಯಿತು, ಅಷ್ಟೇ. ನೂರಕ್ಕೆ 10 ಇಳಿದರೆ ತಲೆ ಕೆಡಿಸಿಕೊಳ್ಳಬೇಕು. ಕೆಲವರಿಗೆ ಶ್ವಾಸಕೋಶ ಸರಿ ಇದ್ದು, ಜೋರಾಗಿ ಓಡುವಾಗ ಗಂಟಲಿನ ಧ್ವನಿಪೆಟ್ಟಿಗೆಯೇ ಕಿರಿದಾಗುತ್ತದೆ, ಒಳಗೆಳೆಯುವಾಗ ಸುಂಯ್ ಅಂತ ಸದ್ದು ಬರುತ್ತದೆ. ಇವನಲ್ಲಿ ಅದೂ ಇರಲಿಲ್ಲ. ಹಿಮೋಗ್ಲೋಬಿನ್ 14.8. ಇದನ್ನು ಬಿಡದೆ ನೋಡಲೇಬೇಕು, ಒಂದು ಗ್ರಾಂ ಹಿಮೋಗ್ಲೋಬಿನ್ ಹೊರೋದು ಸುಮಾರು 1.34 ಮಿಲಿಲೀಟರ್ ಆಮ್ಲಜನಕ. ಅದು ಇಳಿದರೆ ಶ್ವಾಸಕೋಶ, ಹೃದಯ ಎಷ್ಟೇ ಗಟ್ಟಿ ಇದ್ದರೂ ಪ್ರಯೋಜನ ಇಲ್ಲ. ಹುಡುಗಿಯರಲ್ಲಿ ನಾನು ಮೊದಲು ಕೇಳೋದೇ ಇದನ್ನು. ಇಸಿಜಿ ಶುದ್ಧವಾಗಿತ್ತು.

ಹತ್ತು ವಾರ

ಚೆಂಡಿನ ಡಬ್ಬಿಯನ್ನು ಬದಿಗಿಡಿ ಅಂದೆ. ವಾರಕ್ಕೆ ನಾಲ್ಕು ದಿನ ಓಟ. ಮೂರು ದಿನ ನಿಧಾನ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ, 30ರಿಂದ 45 ನಿಮಿಷ. ಒಂದು ದಿನ ಮಾತ್ರ ಕಷ್ಟದ್ದು: 4 ನಿಮಿಷ ಜೋರು, 3 ನಿಮಿಷ ಆರಾಮ, ಹೀಗೆ ನಾಲ್ಕು ಸುತ್ತು. ಜೋರಿನ ಕೊನೆಯಲ್ಲಿ ಹೃದಯ ಬಡಿತ 175ರಿಂದ 184ರ ನಡುವೆ ಇರಬೇಕು. ನಾಲ್ಕನೇ ವಾರದಿಂದ ಒಂದು ನಿಧಾನದ ದಿನ ತೆಗೆದು ಕಷ್ಟದ್ದನ್ನು ಎರಡು ದಿನ ಮಾಡಿದೆವು.

ಅವನಿಗೆ ಕಷ್ಟ ಆಗಿದ್ದು ಜೋರು ಓಟ ಅಲ್ಲ, ನಿಧಾನದ್ದು. "ಹಿಂಗೆ ಓಡಿದ್ರೆ ನಾಚಿಕೆ ಆಗುತ್ತೆ ಮೇಡಂ, ನಡೆಯೋರು ದಾಟಿ ಹೋಗ್ತಾರೆ." ಮೊದಲ ಎರಡು ವಾರ ನನ್ನ ಮಾತು ಕೇಳದೆ ದಿನಾ ಜೋರಾಗಿ ಓಡಿ ಮೊಣಕಾಲ ಕೆಳಗೆ ಮೂಳೆಯ ಪಕ್ಕ ನೋವು ಮಾಡಿಕೊಂಡ. ಐದು ದಿನ ಬಿಡಬೇಕಾಯಿತು. ಆಮೇಲೆ ದಾರಿಗೆ ಬಂದ.

ಹತ್ತು ವಾರ ಬಿಟ್ಟು ಅದೇ ಸೈಕಲ್, ಅದೇ ಕ್ರಮ. ಈ ಸಲ 225 ವ್ಯಾಟ್. ವಿಒ2 ಮ್ಯಾಕ್ಸ್ 2.84 ಲೀಟರ್. ತೂಕ 70 ಆಗಿತ್ತು, ಹಾಗಾಗಿ ಕೆಜಿಗೆ 40.6. ಗರಿಷ್ಠ ಬಡಿತ 192, ಹೆಚ್ಚುಕಮ್ಮಿ ಹಳೆಯದೇ. ಆದರೆ ಒಂದು ಬಡಿತಕ್ಕೆ ಬಳಸುವ ಆಮ್ಲಜನಕ 12.7 ಮಿಲಿಲೀಟರಿನಿಂದ 14.8ಕ್ಕೆ ಏರಿತ್ತು.

ನನಗೆ ಇಷ್ಟವಾದ ಅಂಕಿ ಬೇರೆ. 150 ವ್ಯಾಟ್‌ನಲ್ಲಿ ಮೊದಲು ನಿಮಿಷಕ್ಕೆ 72 ಲೀಟರ್ ಗಾಳಿ ಆಡಿಸುತ್ತಿದ್ದ, ಈಗ ಅದೇ 150ಕ್ಕೆ 58 ಸಾಕು. ಬಡಿತ 171 ಇದ್ದದ್ದು 156. ಕೆಲಸ ಅದೇ, ಉಸಿರು ಕಮ್ಮಿ, ಯಾಕೆಂದರೆ ಕಾಲಿನಿಂದ ಬರುತ್ತಿದ್ದ ಕಾಟವೇ ಕಮ್ಮಿಯಾಗಿದೆ. ಇನ್ನು ಗರಿಷ್ಠ ಹಂತದಲ್ಲಿ ನೋಡಿದರೆ ಉಲ್ಟಾ: 98 ಇದ್ದದ್ದು 117 ಲೀಟರಿಗೆ ಹೋಗಿದೆ. ಮಿಗತೆ 40ರಿಂದ 29ಕ್ಕೆ ಇಳಿದಿದೆ. ಮೊದಲಿಗಿಂತ ಜಾಸ್ತಿ ಉಸಿರಾಡುತ್ತಿದ್ದಾನೆ, ಆದರೆ ಉಸಿರು ಸಾಲಲ್ಲ ಅನ್ನುವ ದೂರು ಇಲ್ಲ.

ಇದೇ ದಾರಿಯಲ್ಲಿ ತುಂಬ ದೂರ ಹೋದರೆ ಮಾತ್ರ ಶ್ವಾಸಕೋಶದ ಮಿತಿ ಎದುರಾಗುತ್ತದೆ. ಅತಿ ಪಳಗಿದ ಕೆಲವು ಓಟಗಾರರಲ್ಲಿ ಹೃದಯ ಎಷ್ಟು ರಕ್ತ ತಳ್ಳುತ್ತದೆ ಅಂದರೆ, ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಆಮ್ಲಜನಕ ತುಂಬಿಕೊಳ್ಳಲು ರಕ್ತಕ್ಕೆ ಸಮಯವೇ ಸಿಗಲ್ಲ, ಗರಿಷ್ಠ ಹಂತದಲ್ಲಿ ಆಮ್ಲಜನಕದ ಮಟ್ಟ ಇಳಿಯುತ್ತದೆ. 1984ರಲ್ಲಿ ಜೆರೋಮ್ ಡೆಂಪ್ಸಿ ಎಂಬ ವಿಜ್ಞಾನಿಯ ತಂಡ ಇದನ್ನು ತೋರಿಸಿತು. ಎತ್ತರದ ಬೆಟ್ಟಗಳ ಮೇಲೂ ಲೆಕ್ಕ ಬೇರೆಯಾಗುತ್ತದೆ. ನಮ್ಮ ಹುಡುಗನಿಗೆ ಆ ಚಿಂತೆ ಸದ್ಯಕ್ಕಿಲ್ಲ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅವನ ತೊಂದರೆ ಓಟದಲ್ಲಿ, ನಾನು ಪರೀಕ್ಷೆ ಮಾಡಿದ್ದು ಸೈಕಲ್ ಮೇಲೆ. ಸೈಕಲ್ ಅಭ್ಯಾಸ ಇಲ್ಲದವರಿಗೆ ತೊಡೆ ಬೇಗ ಸೋಲುತ್ತದೆ, ವಿಒ2 ಮ್ಯಾಕ್ಸ್ ಕೂಡ ಟ್ರೆಡ್‌ಮಿಲ್‌ಗಿಂತ ಒಂದಿಷ್ಟು ಕಮ್ಮಿ ಬರುತ್ತದೆ. ಶ್ವಾಸನಾಳ ಬಿಗಿಯುತ್ತದಾ ಅಂತ ನೋಡಲೂ ಒಣಗಾಳಿಯಲ್ಲಿ ಓಡಿಸೋದೇ ಒಳ್ಳೆಯ ಪರೀಕ್ಷೆ. ಓಟದ ಸಮಯದಿಂದ ಲೆಕ್ಕ ಹಾಕುವ ಸೂತ್ರದ ಪ್ರಕಾರ, ಅಂದರೆ 483ನ್ನು ನಿಮಿಷದಿಂದ ಭಾಗಿಸಿ 3.5 ಕೂಡಿಸಿದರೆ, ಮೊದಲ ಸಲದ್ದು 37.6 ಬರುತ್ತಿತ್ತು. ಇನ್ನೊಮ್ಮೆ ಇಂಥವರು ಬಂದರೆ ಟ್ರೆಡ್‌ಮಿಲ್ ಮೇಲೇ ಹತ್ತಿಸುತ್ತೇನೆ.

2.4 ಕಿಲೋಮೀಟರ್ ಈಗ 12 ನಿಮಿಷ 25 ಸೆಕೆಂಡು. ಬೇಕಾದ್ದಕ್ಕಿಂತ ಐದೇ ಸೆಕೆಂಡು ಕಮ್ಮಿ, ಎದುರುಗಾಳಿ ಬೀಸಿದರೆ ಹೋಯ್ತು. ಅದಕ್ಕೆ ಪರೀಕ್ಷೆವರೆಗಿನ ಒಂದು ತಿಂಗಳೂ ಅದೇ ಕ್ರಮ ಮುಂದುವರಿಸಿ ಅಂದೆ.

ಕೊನೆಗೆ ಊದುವ ಪರೀಕ್ಷೆಯ ಹೊಸ ಹಾಳೆ ಕೈಗೆ ಕೊಟ್ಟೆ. ಎಫ್‌ಇವಿ1 ಅದೇ 4.1. ಎಫ್‌ವಿಸಿ 4.92. ಅವನ ಕಣ್ಣು ಅಲ್ಲೇ ನಿಂತಿತು. "20 ಎಂಎಲ್ ಜಾಸ್ತಿ ಆಗಿದೆ ಮೇಡಂ!" ಅಂದ. ಅದೇನೂ ಅಲ್ಲ, ನೀವೇ ಈಗ ಇನ್ನೊಂದು ಸಲ ಊದಿದರೂ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತೆ ಅಂದೆ. ಹೂಂ ಹೂಂ ಅಂತ ತಲೆ ಆಡಿಸಿದ. ಆಮೇಲೆ ಮೊಬೈಲ್ ತೆಗೆದು ಆ ಒಂದು ಸಾಲಿನ ಫೋಟೋ ಹೊಡೆದುಕೊಂಡು ಹೋದ.